ಕುತ್ತಿಗೆಗೆ ಕೈ ಹಚ್ಚದ ವರ್ಷಗಳು

ಹೋದ ತಿಂಗಳು ನಮ್ಮ ಹಿರಿಯ ಮೊಮ್ಮಗಳು ರಾಯಚೂರಿನಿಂದ ನಾನು ಈಗಿರುವ ಮಾನ್ವಿಗೆ ಬಂದಾಗ ಕುತ್ತಿಗೆ ಒಂದು ಕಡೆ ವಾಲಿಸಿಕೊಂಡೇ ಬಸ್ಸಿನಿಂದ ಇಳಿದಳು. ಪರೀಕ್ಷೆಗೆ ಓದುತ್ತ, ನಡುನಡುವೆ ಫೋನು ನೋಡುತ್ತ, ತಲೆ ಬಗ್ಗಿಸಿ ಕೂತೂ ಕೂತೂ ನರ ಹಿಡಿದಿತ್ತು. ಚೀಲ ಇಟ್ಟವಳೇ ನನ್ನ ಮುಂದೆ ಬೆನ್ನು ತಿರುಗಿಸಿ ಕೂತಳು.

"ಅಜ್ಜೀ, ನೀ ಕಾಲು ಮುಂದಾಗಿ ಹುಟ್ಟಿದಾಕಿ ಅಂತಲ್ಲ. ಊರ ಮಂದಿಗೆಲ್ಲಾ ಉಳುಕು ತೆಗೀತಿದ್ದಿ ಅಂತ ಅವ್ವ ಹೇಳ್ತಾಳ. ನಂದೂ ಒಂದು ಸಲ ಟಕ್ ಅನಸು."

"ನಂಗ ಬರಂಗಿಲ್ಲವ್ವ."

"ಊರ ಮಂದಿಗೆ ಬರ್ತದ, ಮೊಮ್ಮಗಳಿಗೆ ಬರಂಗಿಲ್ಲೇನು?"

ನಾನು ಎದ್ದು ಹೋಗಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದುಕೊಟ್ಟೆ. ಅವಳು ನನ್ನ ಮುಖ ನೋಡದೆ ಇಸಿದುಕೊಂಡಳು. ಎರಡು ದಿನ ಇದ್ದಳು, ಕುತ್ತಿಗೆ ಸರಿಯಾಯಿತು, ಆದರೆ ನನ್ನ ಜೊತೆ ಮಾತು ಕಡಿಮೆಯೇ. ಸೋಮವಾರ ಬಸ್ಸು ಹತ್ತುವಾಗ "ಬರ್ತೀನಿ" ಅಂದಳು, ಅಷ್ಟೇ.

ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಕೂಡಿಬಂದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆ ತನಕ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ. ನೀವು ಮೊಮ್ಮಕ್ಕಳೆಲ್ಲ ಓದಬೇಕು. ನಾನು ಕೈ ಹಿಂದೆ ತೆಗೆದದ್ದು ಬರದೆ ಅಲ್ಲ, ಸಿಟ್ಟಿಗೂ ಅಲ್ಲ. ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ಕುತ್ತಿಗೆಗೆ ನಾನು ಒಮ್ಮೆ ಕೈ ಹಚ್ಚಿದ್ದೆ. ಅದಾದ ಮೇಲೆ ಯಾರ ಕುತ್ತಿಗೆಗೂ ಹಚ್ಚಲಿಲ್ಲ.

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ಅಂಥವರ ಕೈಗೂ ಕಾಲಿಗೂ ಉಳುಕು ತೆಗೆಯುವ ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬಿಕೆ. ತವರುಮನೆಯಲ್ಲಿ ಸಣ್ಣವಳಿದ್ದಾಗಲೇ ಸೊಂಟ ಹಿಡಿದವರು ಬಂದು ನನ್ನ ಮುಂದೆ ಬೋರಲು ಮಲಗುತ್ತಿದ್ದರು. ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒತ್ತುತ್ತಿದ್ದೆ. ಕುತ್ತಿಗೆ ಹಿಡಿದವರಿಗೆ ಕಾಲಲ್ಲ, ಕೈ. ಔಡಲ ಎಣ್ಣೆ ಬಿಸಿ ಮಾಡಿ, ಹೆಬ್ಬೆರಳಿನಿಂದ ನರ ಹುಡುಕಿ ತಿಕ್ಕಿ, ಕೊನೆಗೆ ಒಂದು ಕೈ ಗದ್ದಕ್ಕೆ, ಒಂದು ಕೈ ಹಿಂದಲೆಗೆ ಕೊಟ್ಟು ಪಕ್ಕಕ್ಕೆ ತಿರುವುವುದು. ಟಕ್ ಎಂದು ಸಪ್ಪಳ ಬಂದರೆ ಮುಗಿಯಿತು. ಇದೆಲ್ಲ ಬೆಳಗ್ಗೆ, ಉಂಬುವುದಕ್ಕೆ ಮುಂಚೆ. ತೆಗೆಯುವಾಗ ಮಾತಾಡಬಾರದು ಎಂಬುದು ನಮ್ಮವ್ವ ಹೇಳಿಕೊಟ್ಟ ಕಟ್ಟಳೆ. ಮಾತಾಡಿದರೆ ಗುಣ ಹೋಗುತ್ತದಂತೆ. ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯಲು ನಾಚುತ್ತಿದ್ದ ನನಗೆ ಅದಕ್ಕಿಂತ ಬೇರೆ ಹಿತವಾದ ಕೆಲಸ ಇರಲಿಲ್ಲ.

ದೇವದುರ್ಗ ತಾಲೂಕಿನ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಅಲ್ಲಿಯೂ ಸುದ್ದಿ ಹರಡಿತು. ನೀರಿನ ಕೊಡ, ಕಟ್ಟಿಗೆ ಹೊರೆ, ಹತ್ತಿ ಗಂಟು ಎಲ್ಲ ಹೆಂಗಸರ ತಲೆಯ ಮೇಲೇ. ಕುತ್ತಿಗೆ ನೋವಿಲ್ಲದ ಹೆಂಗಸು ಆ ಊರಲ್ಲಿ ನನಗೆ ಸಿಗಲಿಲ್ಲ. ನಮ್ಮ ಕಟ್ಟೆಯ ಮೇಲೆ ದಿನಾ ಒಬ್ಬಿಬ್ಬರು ಕೂತಿರುತ್ತಿದ್ದರು. ನಿಮ್ಮ ಮುತ್ಯಾ ಹೊಲಕ್ಕೆ ಹೊರಡುವಾಗ ಅವರನ್ನು ನೋಡಿ, "ಡಾಕ್ಟರಮ್ಮ ಒಳಗದಾರ, ಚೀಟಿ ತಗೊಂಡು ಕುಂದರ್ರಿ" ಎಂದು ಚೇಷ್ಟೆ ಮಾಡಿ ಹೋಗುತ್ತಿದ್ದರು. ನಾನು ಒಳಗೆ ನಿಂತು ನಗುತ್ತಿದ್ದೆ. ಎದುರಿಗೆ ನಿಂತು ನಗುವ ರೂಢಿ ನಮಗೆ ಇರಲಿಲ್ಲ. ಅತ್ತೆ ಮನೆಯಲ್ಲಿದ್ದಾಗ ಗಂಡನ ಕಣ್ಣಿಗೆ ಕಣ್ಣಿಟ್ಟು ಮಾತಾಡುವ ಸೊಸೆಯನ್ನು ಓಣಿಯೇ ಆಡಿಕೊಳ್ಳುತ್ತಿತ್ತು. ಅವರಿಗೆ ಊಟ ಬಡಿಸುವಾಗಲೂ ನಾನು ಪಕ್ಕದಲ್ಲಿ, ಸ್ವಲ್ಪ ಹಿಂದೆ. ಎಷ್ಟೋ ವರ್ಷ ಅವರ ಕಿವಿ, ಭುಜ, ಹಿಂಗುತ್ತಿಗೆಯ ಬಿಸಿಲುಗಪ್ಪು ಇವನ್ನೇ ನಾನು ಚೆನ್ನಾಗಿ ಬಲ್ಲವಳಾಗಿದ್ದೆ.

ಆ ವರ್ಷ ಹತ್ತಿ ಚೆನ್ನಾಗಿ ಬಂದಿತ್ತು. ರಾಯಚೂರಿಗೆ ಒಯ್ಯಲು ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಬಿಡಿ ಹತ್ತಿ ತುಂಬಿದ್ದರು. ಎರಡಾಳು ಎತ್ತರ. ಮೇಲೆ ನಿಂತು ತುಳಿದು ತುಳಿದು ಹತ್ತಿ ಕೂರಿಸಿ ಹಗ್ಗ ಬಿಗಿಯುವ ಕೆಲಸ ಯಾವಾಗಲೂ ಅವರದೇ. ಕಾಲು ಊರಿ, ಹಿಂದಕ್ಕೆ ಬಾಗಿ, ಮೈಭಾರ ಪೂರ್ತಿ ಬಿಟ್ಟು ಹಗ್ಗ ಜಗ್ಗಿದರು. ಹಗ್ಗ ಕಡಿಯಿತು. ಹಿಮ್ಮುಖವಾಗಿ ಕೆಳಗೆ ಬಿದ್ದರು, ಮೊದಲು ತಲೆಯೂ ಎಡಭುಜವೂ ನೆಲಕ್ಕೆ ತಾಗಿದವು.

ನಾನು ಅಲ್ಲಿರಲಿಲ್ಲ. ಇದ್ದವರು ಹೇಳಿದ್ದು. ಇಬ್ಬರು ಓಡಿಬಂದು ಬಗಲಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದರಂತೆ, ತಲೆಗೆ ನೀರು ತಟ್ಟಿದರಂತೆ, "ನೆಟ್ಟಗದೀ ಏನಪಾ?" ಎಂದು ತಲೆ ಹಿಡಿದು ಅಲ್ಲಾಡಿಸಿದರಂತೆ. ಬಿದ್ದವರಿಗೆ ನಾವು ಎಲ್ಲರೂ ಮಾಡುವುದು ಇದನ್ನೇ. ಅವರು ಎದ್ದು ನಿಂತು, ಧೋತರ ಝಾಡಿಸಿಕೊಂಡು, "ಹತ್ತಿ ಮ್ಯಾಲ ಬೀಳೋದು ಬಿಟ್ಟು ನೆಲದ ಮ್ಯಾಲ ಬಿದ್ದೆ ನೋಡು" ಎಂದು ನಕ್ಕರು. ಇವರ ಅಣ್ಣ, ನಮ್ಮ ಭಾವನವರು, ಟ್ರ್ಯಾಕ್ಟರ್ ಹೊಡೆದುಕೊಂಡು ರಾಯಚೂರಿಗೆ ಹೋದರು. ಇವರು ನಡೆದೇ ಮನೆಗೆ ಬಂದರು. ಕುತ್ತಿಗೆ ಮಾತ್ರ ಕಂಬದಂತೆ ಬಿಗಿಯಾಗಿತ್ತು.

ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಪಕ್ಕದ ಮನೆಯ ಮುದುಕಿ, "ಮನ್ಯಾಗ ತೆಗಿಯಾಕಿ ಇರೂವಾಗ ಹೊರಗ ಯಾಕ? ಕಾಲು ಹಚ್ಚಸ್ರಿ" ಅಂದಳು.

"ಗಂಡಗ ಕಾಲು ಹಚ್ಚಂತೀ ಏನ? ಬುದ್ಧಿ ಅದನೋ ಇಲ್ಲೋ ನಿನಗ?" ಅಂದರು ನಮ್ಮತ್ತೆ.

"ನಡುವ ಕಂಬಳಿ ಹಾಕ್ರಿ. ಕಂಬಳಿಗೆ ಹಚ್ಚಿದಂಗಾಗ್ತದ."

"ಕಂಬಳ್ಯಾಗ ಯಾರದಾರ, ನಿನ್ನ ಗಂಡ ಏನು?"

ನಿಮ್ಮ ಮುತ್ಯಾ ಒಲೆಯ ಪಕ್ಕ ಮಣೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಗು ಬಂತು, ನಕ್ಕರೆ ನೋವಾಗುತ್ತಿತ್ತು. "ಏ, ನಗಸಬ್ಯಾಡ್ರಿ ಯವ್ವಾ" ಅಂದರು. ಬಲಗೈ ಬೆರಳು ಜುಮ್ಮೆನ್ನುತ್ತಿವೆ ಎಂದೂ ಅಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುತ್ತಿಗೆಯ ಉಳುಕು, ಕಾಲು ಬೇಡ, ಕೈಯಿಂದ ತೆಗೆಯಲಿ ಎಂದು ತೀರ್ಮಾನವಾಯಿತು.

ಎಣ್ಣೆ ಬಿಸಿ ಮಾಡಿಕೊಂಡು ಅವರ ಹಿಂದೆ ಮೊಣಕಾಲೂರಿ ಕೂತೆ. ಹೆಬ್ಬೆರಳು ಇಟ್ಟ ಕೂಡಲೇ ನನಗೆ ತಿಳಿಯಿತು. ಉಳುಕಿದ ನರ ಬೆರಳ ಕೆಳಗೆ ದಾರದ ಹಾಗೆ ಜಾರುತ್ತದೆ. ಇಲ್ಲಿ ಜಾರುವಂಥದ್ದು ಏನೂ ಇರಲಿಲ್ಲ. ಬಿಸಿಯಾದ, ಬಾತ ಒಂದು ಜಾಗ ಇತ್ತು, ಅದರ ನಡುವೆ ಎಲುಬು ತನ್ನ ಸಾಲಿನಲ್ಲಿ ಇದ್ದಂತೆ ಇರಲಿಲ್ಲ. ಅಷ್ಟು ವರ್ಷದಲ್ಲಿ ಯಾರ ಕುತ್ತಿಗೆಯಲ್ಲೂ ನಾನು ಅಂಥದ್ದನ್ನು ಮುಟ್ಟಿರಲಿಲ್ಲ. ಕೈ ನಿಂತಿತು.

"ಏನ್ ನೋಡ್ತಿ? ತಿರುವು" ಅಂದರು ಅತ್ತೆ.

ಇದು ಉಳುಕಲ್ಲ ಎಂದು ಹೇಳಬೇಕಿತ್ತು. ಎರಡೇ ಮಾತು. ತೆಗೆಯುವಾಗ ಮಾತಾಡಬಾರದು, ಅತ್ತೆಗೆ ಎದುರಾಡಬಾರದು, ಪಕ್ಕದ ಮನೆಯವಳು ನೋಡುತ್ತಿದ್ದಾಳೆ. ಇಷ್ಟೆಲ್ಲ ನನ್ನ ಬಾಯಿಗೆ ಅಡ್ಡ ಬಂತು. ಗದ್ದಕ್ಕೆ ಕೈ ಕೊಟ್ಟೆ. ತಿರುವಿದೆ. ಜೋರಾಗಿ ಅಲ್ಲ, ಆದರೆ ತಿರುವಿದೆ.

ಟಕ್ ಅನ್ನಲಿಲ್ಲ. ಅವರ ಕೈಯಲ್ಲಿದ್ದ ಚಹಾದ ಲೋಟ ಕೆಳಗೆ ಬಿತ್ತು. ಅವರು ಕೂಗಲೂ ಇಲ್ಲ. ತೊಡೆಯ ಮೇಲೆ ಬಿದ್ದ ತಮ್ಮ ಬಲಗೈಯನ್ನು ಬೇರೆಯವರ ಕೈ ನೋಡಿದಂತೆ ನೋಡಿ, "ಕೈ ಎಲ್ಲಿ ಹೋತು?" ಎಂದು ಮೆಲ್ಲಗೆ ಕೇಳಿದರು.

ದೇವದುರ್ಗಕ್ಕೆ ಜೀಪಿನಲ್ಲಿ ಕರೆದೊಯ್ದೆವು, ಇಬ್ಬರು ಗಂಡಸರ ನಡುವೆ ಕೂರಿಸಿಕೊಂಡು. ಅಲ್ಲಿಯ ಸಿಸ್ಟರ್ ನೋಡಿದವಳೇ ಬೈದಳು. "ಕುತ್ತಿಗಿಗೆ ಪೆಟ್ಟಾದೋರನ್ನ ಕೂಡಿಸಿಕೊಂಡು ಬರ್ತೀರೇನ್ರಿ? ಹಲಗಿ ಮ್ಯಾಲ ಅಂಗಾತ ಮಲಗಿಸಿ ತರಬೇಕು. ತಲಿ ಅಲ್ಲಾಡಬಾರದು." ಅಲ್ಲಿಂದ ರಾಯಚೂರಿಗೆ ಆಂಬುಲೆನ್ಸಿನಲ್ಲಿ, ತಲೆಯ ಎರಡು ಪಕ್ಕಕ್ಕೂ ಉಸುಕಿನ ಚೀಲ ಇಟ್ಟು ಮಲಗಿಸಿ ಕಳಿಸಿದರು. ಫೋಟೋ ತೆಗೆದು ನೋಡಿ, ಕುತ್ತಿಗೆಯ ಎಲುಬು ಒಂದು ಬಿರಿದಿದೆ, ಸ್ವಲ್ಪ ಸರಿದಿದೆ ಎಂದು ರಾಯಚೂರಿನ ಡಾಕ್ಟರು ಹೇಳಿದರು. ಆಮೇಲೆ ಕೇಳಿದರು: "ಬಿದ್ದ ಮೇಲೆ ಯಾರಾದರೂ ಕುತ್ತಿಗೆ ತಿರುವಿದರಾ? ತಿಕ್ಕಿದರಾ?"

ಅತ್ತೆ ನನ್ನನ್ನು ನೋಡಿದರು. ನಾನು ಮಂಚದ ಕಾಲ ಬಳಿ ಸೆರಗು ಎಳೆದುಕೊಂಡು ನಿಂತಿದ್ದೆ. ಛಾವಣಿಗೆ ಮುಖ ಮಾಡಿ ಮಲಗಿದ್ದ ಅವರೇ ಹೇಳಿದರು.

"ಯಾರೂ ಮುಟ್ಟಿಲ್ರಿ ಸಾಹೇಬ್ರ."

ಆ ಆಸ್ಪತ್ರೆಯಲ್ಲಿ ಒಂದು ತಿಂಗಳಿಗೂ ಹೆಚ್ಚು ಇದ್ದೆವು. ಪಕ್ಕದ ಮಂಚದ ಹಮಾಲನ ಹೆಂಡತಿ ಬಾಯಿಬಡಕಿ, ಒಳ್ಳೆಯವಳು. ಅವಳ ಗಂಡ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತು ಲಾರಿಗೆ ಹಾಕಿದ ಹಲಗೆ ಏರುವಾಗ ಕಾಲು ಜಾರಿತ್ತು. ಬಿದ್ದದ್ದು ಸ್ವಲ್ಪ, ಮೂಟೆ ಬಂದು ಕುತ್ತಿಗೆಯ ಮೇಲೆ ಕೂತದ್ದು ಪೂರಾ. "ನಿನ್ನ ಗಂಡ ಹತ್ತಿಗೆ ಬಿದ್ದಾನ, ನನ್ನ ಗಂಡ ಅಕ್ಕಿಗೆ ಬಿದ್ದಾನ. ಒಬ್ಬಾಂವ ಅರಿವಿ, ಒಬ್ಬಾಂವ ಅನ್ನ. ಇಬ್ಬರೂ ಸೇರಿ ಸಂಸಾರ ಮಾಡ್ಲಿ, ನಾವು ಮನಿಗೆ ಹೋಗೋಣು ನಡಿ" ಅನ್ನುತ್ತಿದ್ದಳು. ಅವಳ ಗಂಡನ ಕಾಲಿನಲ್ಲಿ ಸ್ಪರ್ಶವೇ ಇರಲಿಲ್ಲ. ನಗಿಸಿ ಹೊರಗೆ ನಲ್ಲಿಯ ಹತ್ತಿರ ಹೋಗಿ ಅಳುತ್ತಿದ್ದಳು.

ಅವಳೇ ನನ್ನನ್ನು ವಾರ್ಡೆಲ್ಲ ತಿರುಗಾಡಿಸಿದ್ದು. ಕುತ್ತಿಗೆಗೆ ಪೆಟ್ಟಾಗುವುದು ಎಲ್ಲೋ ಒಬ್ಬರಿಗೆ ಎಂದು ನಾನು ತಿಳಿದಿದ್ದೆ. ಅಲ್ಲಿ ಸಾಲಿಗೆ ಸಾಲು. ಕಾಲುವೆಯಲ್ಲಿ ನೀರು ಕಡಿಮೆ ಇದ್ದದ್ದು ಗೊತ್ತಾಗದೆ ತಲೆಕೆಳಗಾಗಿ ಧುಮುಕಿದ ಮಾನ್ವಿಯ ಹರೆಯದವನು. ಆಡಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿ ಬಿದ್ದ ಕುರಿ ಕಾಯುವವರು. ಬೈಕಿನ ಗಾಲಿಗೆ ಸೆರಗು ಸಿಕ್ಕಿ ಹಿಂದಕ್ಕೆ ಜಗ್ಗಿ ಬಿದ್ದ ಹೊಸ ಮದುವಣಗಿತ್ತಿ, ಅರಿಶಿನ ಇನ್ನೂ ಆರಿರಲಿಲ್ಲ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಹಿಂದೆ ಹಿಂದೆ ಸರಿದು ಅಂಚು ದಾಟಿದ ಮುದುಕಿ. ಹಜಾಮತಿ ಮಾಡಿಸಿಕೊಂಡು ಕೊನೆಗೆ ಕುತ್ತಿಗೆ ಟಕ್ ಅನಿಸಿಕೊಂಡ ದಿನದಿಂದ ಕೈ ಎತ್ತಲಾಗದ ಒಬ್ಬ ಅಂಗಡಿಯವರೂ ಇದ್ದರು. ಅವರ ಮಂಚದ ಹತ್ತಿರ ನಾನು ನಿಲ್ಲಲಾರದೆ ಹಿಂದಿರುಗಿದೆ.

"ಯಾಕ ಬೇ, ದೆವ್ವ ನೋಡ್ದಂಗ ಮಾಡ್ತಿ?" ಅಂದಳು ಆಕೆ.

ಅವಳಿಗೆ ಹೇಳಿಬಿಟ್ಟೆ. ನಾನು ತಿರುವಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವಳ ಮುಂದೆ. ಅವಳು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ, "ನನ್ನ ಗಂಡನ್ನ ನಾಕು ಮಂದಿ ಹಮಾಲರು ಕೈಕಾಲು ಹಿಡಿದು ಅಕ್ಕಿ ಮೂಟೆ ಎತ್ತಿದಂಗ ಎತ್ತಿ ಆಟೋದಾಗ ಹಾಕಿದ್ರು. ಅವರೂ ಜೀವದ ಗೆಳೆಯರೇ" ಅಂದಳು.

ಮೂರು ತಿಂಗಳು ಇವರು ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿಕೊಂಡಿದ್ದರು. ಪಟ್ಟಿ ತೆಗೆಸಲು ಹೋದ ದಿನ ಡಾಕ್ಟರ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಬಲಗೈಗೆ ಶಕ್ತಿ ಅರ್ಧ ಮರಳಿತ್ತು. ಹೆಬ್ಬೆರಳು, ತೋರುಬೆರಳು ಮಾತ್ರ ಮರಗಟ್ಟಿದಂತೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಕುತ್ತಿಗೆ ಯಾವ ಪಕ್ಕಕ್ಕೂ ತಿರುಗುತ್ತಿರಲಿಲ್ಲ. ಹೊರಡಲು ಎದ್ದಾಗ ನಾನು ನಿಂತಲ್ಲೇ ನಿಂತು, "ನಾ ತಿರುವಿದ್ದೆರಿ" ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೊಮ್ಮೆ ಅಂದೆ. "ಬಿದ್ದ ದಿನ ನಾ ಕುತ್ತಿಗಿ ತಿರುವಿದ್ದೆರಿ. ಆಮ್ಯಾಲ ಕೈ ಹೋತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿದ್ದಾಗಲೇ ಎಲುಬು ಬಿರಿದಿತ್ತಮ್ಮ, ಬೆರಳು ಆಗಲೇ ಜುಮ್ಮೆನ್ನುತ್ತಿತ್ತು ಅಂತ ಇವರೇ ಹೇಳಿದ್ದಾರೆ. ನೀವು ತಿರುವದೇ ಇದ್ದಿದ್ದರೆ ಕೈ ಪೂರ್ತಿ ಉಳಿಯುತ್ತಿತ್ತಾ, ಇಲ್ಲವಾ, ಅದನ್ನು ನಾನು ಹೇಳಲಾರೆ. ಯಾರೂ ಹೇಳಲಾರರು. ಇನ್ನು ಮುಂದೆ ಯಾರದೂ ತಿರುವಬೇಡಿ" ಅಂದರು.

ಹೊರಗೆ ಬಂದ ಮೇಲೆ ಅವರು ಕೇಳಿದರು, "ಯಾಕ ಹೇಳಿದಿ? ನಾ ಇಲ್ಲ ಅಂದಿದ್ದಿಲ್ಲೇನು?"

"ನಿಮಗ ಗೊತ್ತಿತ್ತಲ್ಲ."

"ನನಗ ಗೊತ್ತಿದ್ರ ಸಾಲದೇನು?"

ರಾಯಚೂರಿನ ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ಅಲ್ಲಿ ಅವರು ಎಡಗೈಯಲ್ಲೇ ನನಗೆ ಒಂದು ಬಾಳೆಹಣ್ಣು ಸುಲಿದು ಕೊಟ್ಟರು. ಅಷ್ಟು ಮಂದಿಯ ನಡುವೆ ನಾನು ಅದನ್ನು ತಿಂದೆ.

ಆಮೇಲಿನ ಹನ್ನೆರಡು ವರ್ಷವನ್ನು ನಾನು ನೆನೆದಷ್ಟು ಬೇರೆ ಯಾವುದನ್ನೂ ನೆನೆಯುವುದಿಲ್ಲ. ಅವರಿಗೆ ಕುತ್ತಿಗೆ ತಿರುಗುತ್ತಿರಲಿಲ್ಲವಾದ್ದರಿಂದ ಪಕ್ಕದಲ್ಲಿ ನಿಂತರೆ ನಾನು ಕಾಣುತ್ತಿರಲಿಲ್ಲ. ಕರೆದಾಗ ಎದುರಿಗೇ ಹೋಗಿ ನಿಲ್ಲಬೇಕು. ಮೊದಮೊದಲು ಅತ್ತೆಯ ಮುಂದೆ ಹಾಗೆ ನಿಲ್ಲಲು ಮೈಯೆಲ್ಲ ಮುದುಡುತ್ತಿತ್ತು. ಅತ್ತೆಯೇ, "ನಿಲ್ಲವ್ವ, ಅವನಿಗೆ ಕಾಣಂಗಿಲ್ಲ" ಎಂದು ಅತ್ತ ತಿರುಗಿ ಕೂರುತ್ತಿದ್ದರು. ಬಡಿಸುವಾಗ ಎದುರು, ಗುಂಡಿ ಹಾಕುವಾಗ ಎದುರು, ಹೊಲಕ್ಕೆ ಹೊರಟಾಗ ಬಾಗಿಲಲ್ಲಿ ಎದುರು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಅವರ ಕಣ್ಣಿನ ಬಣ್ಣ ಪೂರ್ತಿ ಕಪ್ಪಲ್ಲ, ಬೆಲ್ಲದ ಹಾಗೆ ಇದೆ ಎಂದು ನನಗೆ ತಿಳಿಯಿತು. ಈಗಲೂ ಯಾರೋ ಕರೆದಂತಾಗಿ ಎದ್ದರೆ ನನ್ನ ಕಾಲು ಖಾಲಿ ಕುರ್ಚಿಯ ಎದುರಿಗೇ ಹೋಗಿ ನಿಲ್ಲುತ್ತದೆ.

ಒಂದು ಮಾತ್ರ ನಾನು ಅವರಿಗೆ ಮಾಡಿಕೊಡಲಿಲ್ಲ. ಚಳಿಗಾಲ ಬಂತೆಂದರೆ ಕುತ್ತಿಗೆ ನೋಯುತ್ತಿತ್ತು. "ತಿರುವಬ್ಯಾಡ, ತಿಕ್ಕಬ್ಯಾಡ. ಸುಮ್ನ ಒಂದು ಗಳಿಗಿ ಕೈ ಇಡು. ನಿನ್ನ ಕೈ ಬೆಚ್ಚಗಿರ್ತದ" ಅನ್ನುತ್ತಿದ್ದರು. ನನ್ನಿಂದ ಆಗಲಿಲ್ಲ. ಅಂಗಾಲು ತಿಕ್ಕಿದೆ, ಮರಗಟ್ಟಿದ ಬೆರಳು ತಿಕ್ಕಿದೆ, ಉಪ್ಪಿನ ಶಾಖ ಕೊಟ್ಟೆ. ಕುತ್ತಿಗೆಯ ಹತ್ತಿರ ಬಂದರೆ ಕೈ ಹಿಂದೆ ತೆಗೆಯುತ್ತಿದ್ದೆ. ಕೆಲವು ಸಲ ಚೇಷ್ಟೆ ಮಾಡುತ್ತಿದ್ದರು: "ಊರ ಮಂದಿಗೆಲ್ಲಾ ಡಾಕ್ಟರು, ನಂಗ ಬರೀ ಉಪ್ಪು." ಕೆಲವು ಸಲ ಸುಮ್ಮನೆ ಗೋಡೆಗೆ ಕುತ್ತಿಗೆ ಆನಿಸಿ ಕೂತುಬಿಡುತ್ತಿದ್ದರು. ಡಾಕ್ಟರು ತಿರುವಬೇಡಿ ಅಂದಿದ್ದರು, ಮುಟ್ಟಬೇಡಿ ಅಂದಿರಲಿಲ್ಲ. ಅದು ನನಗೂ ಗೊತ್ತಿತ್ತು.

ಅದಕ್ಕೇ ಮಗಳೇ, ಅವತ್ತು ನೀನು ಬೆನ್ನು ತಿರುಗಿಸಿ ಕೂತಾಗ ನಾನು ಎದ್ದು ಹೋದದ್ದು. ನೀವು ಯಾರಾದರೂ ಬಿದ್ದರೆ, ಅಥವಾ ಬಿದ್ದವರನ್ನು ನೋಡಿದರೆ, ಎಬ್ಬಿಸಲು ಓಡಬೇಡಿ, ನೀರು ಕುಡಿಸಲು ತಲೆ ಎತ್ತಬೇಡಿ. ಹೇಗೆ ಬಿದ್ದಿದ್ದಾರೋ ಹಾಗೇ ಬಿಟ್ಟು ತಲೆ ಅಲ್ಲಾಡದಂತೆ ಹಿಡಿದುಕೊಂಡು ಆಂಬುಲೆನ್ಸಿಗೆ ಕೂಗಿರಿ. ಕೈಬೆರಳು ಜುಮ್ಮೆನ್ನುತ್ತವೆ ಎಂದು ಅವರು ಹೇಳಿದರೆ ಕಿವಿಗೆ ಹಾಕಿಕೊಳ್ಳಿರಿ.

ನಿಮ್ಮ ಮುತ್ಯಾ ಹೋದದ್ದು ಕುತ್ತಿಗೆಯಿಂದಲ್ಲ. ಒಂದು ಬೆಳಗ್ಗೆ ಎದೆ ಹಿಡಿದುಕೊಂಡರು, ಜೀಪು ಬರುವಷ್ಟರಲ್ಲಿ ಮುಗಿದಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ತಲೆ ನಿಲ್ಲಲಿಲ್ಲ. ಹನ್ನೆರಡು ವರ್ಷ ಒಂದು ಬೆರಳಗಲ ತಿರುಗದ ಕುತ್ತಿಗೆ ಅವತ್ತು ಕೂಸಿನ ಕುತ್ತಿಗೆಯಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಗಂಡಸರು ನೆಟ್ಟಗೆ ಮಾಡಿ ಕೈ ಬಿಟ್ಟರೆ ಮತ್ತೆ ವಾಲುತ್ತಿತ್ತು. ಯಾರೋ ತಲೆಯನ್ನು ಗೋಡೆಯ ಗೂಟಕ್ಕೆ ಕಟ್ಟಲು ಬಿಳಿ ಬಟ್ಟೆಯ ಪಟ್ಟಿ ಹರಿಯುತ್ತಿದ್ದರು.

ನಾನು ಹೆಂಗಸರ ನಡುವಿನಿಂದ ಎದ್ದು ಹೋದೆ. ಯಾರೂ ಕರೆದಿರಲಿಲ್ಲ. ಅವರ ಪಕ್ಕ ಕೂತು ಹಿಂಗುತ್ತಿಗೆಗೆ ಅಂಗೈ ಕೊಟ್ಟೆ. ತಲೆ ಬಂದು ನನ್ನ ಕೈಯಲ್ಲಿ ಕೂತಿತು. ಆ ಬಾತಿದ್ದ ಜಾಗ ಬೆರಳಿಗೆ ಸಿಕ್ಕಿತು. ಎಲುಬು ಸ್ವಲ್ಪ ಸರಿದೇ ಗಟ್ಟಿಯಾಗಿತ್ತು. ಮೈ ತಣ್ಣಗಾಗಿತ್ತು, ನನ್ನ ಕೈ ಬೆಚ್ಚಗಿತ್ತು. ಭಜನೆಯವರು ಬಂದು ಕೂತರು, ಮಂದಿ ಬಂದು ಹೂವು ಹಾಕಿ ಹೋದರು. ನಾನು ಕೈ ತೆಗೆಯಲಿಲ್ಲ.

ಭಾವನವರು ಪಟ್ಟಿ ಕಟ್ಟಿ ಗಂಟು ಬಿಗಿದು, "ಸಾಕವ್ವ ತಂಗಿ, ಈಗ ನಿಂತದ. ಕೈ ಬಿಡು" ಅಂದರು.

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ನಾನು ನೇರ ಉತ್ತರ ಕೊಟ್ಟವಳಲ್ಲ. ಎಲ್ಲರಿಗೂ ಕೇಳುವಂತೆ, "ಇರ್ಲಿ ತಡೀರಿ" ಅಂದೆ.